ಸಂತೆಯಲ್ಲಿ ಐದು ಮೊರ, ಐದು ದೇಶ

ಬೆಳಗಿನ ಐದೂಕಾಲು. ಸಂತೇಬೆನ್ನೂರಿನ ಕೋಳಿಗಳಿಗೇ ಇನ್ನೂ ಪೂರ್ತಿ ಎಚ್ಚರವಾಗಿಲ್ಲ. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಹೊನ್ನೂರಮ್ಮನವರ ಸೀಮೆಎಣ್ಣೆ ಸ್ಟೌ ಆಗಲೇ ಬುಸುಗುಟ್ಟುತ್ತಿದೆ. ಮೇಲೆ ಕುದಿಯುತ್ತಿರುವುದು ಕಾಫಿ ಎಂದುಕೊಂಡು ಬಾಯಿ ಚಪ್ಪರಿಸಬೇಡಿ, ಅದು ಗಾಜಿನ ಸಿರಿಂಜು ಮತ್ತು ಸೂಜಿ. ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಕುದಿಯಲೇಬೇಕು. ಅಷ್ಟು ಹೊತ್ತು ಕೈಕಟ್ಟಿ ಕೂರುವುದು ಹೊನ್ನೂರಮ್ಮನವರ ಜಾಯಮಾನವಲ್ಲ. ಚಾಪೆಯ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಎಣಿಸುತ್ತಾರೆ.

“ಲಾಭ, ಎರಡು, ಮೂರು, ನಾಕು...”

ಒಂದು ಎನ್ನುವ ಬದಲು ಲಾಭ ಎನ್ನುವುದು ಕಣದಲ್ಲಿ ಕಾಳು ಅಳೆಯುವವರ ವಾಡಿಕೆ. ಅಪ್ಪ ತಿಪ್ಪೇಶಪ್ಪ ಹಾಗೇ ಅಳೆಯುತ್ತಿದ್ದರು, ಮಗಳೂ ಹಾಗೇ ಎಣಿಸುತ್ತಾರೆ. ಒಂದು ಮೊರಕ್ಕೆ ಸಿಪ್ಪೆ ಸಮೇತ ಸಾವಿರ ಕಾಯಿ. ಆಮೇಲೆ ಗಾಯಕ್ಕೆ ಹಚ್ಚುವ ಕೆಂಪು ಔಷಧಿಯ ಬಾಟಲಿ ಬಿಚ್ಚಿ, ಕಡ್ಡಿಗೆ ಹತ್ತಿ ಸುತ್ತಿ ಅದ್ದಿ, ಕೆಲವು ಕಾಯಿಗಳಿಗೆ ಬಳಿಯುತ್ತಾರೆ. ಆ ಕೆಂಪು ಕಾಯಿಗಳನ್ನು ಎಣಿಸುವಾಗ ಮಾತ್ರ ಲಾಭದ ಮಾತಿಲ್ಲ.

“ಅದ್ರಾಗೆ ಏನ್ ಲಾಭ ಬಂತ್ರೀ? ಒಂದು ಅಂದ್ರೆ ಒಂದೇ. ಸರ್ಕಾರದ ಬಾಟ್ಲಿ ಬಗ್ಗೆ ಪೇಪರ್‌ನಾಗೆ ಬರೀಬ್ಯಾಡ್ರಿ ಮತ್ತೆ. ಬರೆಯಂಗಿದ್ರೆ ಅವಧಿ ಮುಗಿದಿದ್ದು ಅಂತ ಸೇರಿಸ್ರಿ” ಎಂದು ನಗುತ್ತಾರೆ.

ಒಂದು ಮೊರ ಅಂದರೆ ಒಂದು ದೇಶ. ಒಂದು ಕಾಯಿ ಅಂದರೆ ವಯಸ್ಸಿಗೆ ಬಂದ ಒಬ್ಬ ಮನುಷ್ಯ. ಕೆಂಪು ಬಳಿದದ್ದು, ಏಡ್ಸ್ ತರುವ ಎಚ್‌ಐವಿ ಎಂಬ ವೈರಾಣು ಮೈಯಲ್ಲಿರುವವರು. ಜಗತ್ತಿನ ಯಾವ ದೇಶದಲ್ಲಿ ಈ ವೈರಾಣು ಎಷ್ಟು ಹಬ್ಬಿದೆ ಎಂಬ ಲೆಕ್ಕವನ್ನು ಚನ್ನಗಿರಿ ತಾಲ್ಲೂಕಿನ ಸಂತೆಗಳಲ್ಲಿ ಶೇಂಗಾ ಹರಡಿಕೊಂಡು ಹೇಳುವ ಕಿರಿಯ ಆರೋಗ್ಯ ಸಹಾಯಕಿ ಇವರು. ಊರವರಿಗೆ ಬರೀ ‘ನರ್ಸಮ್ಮ’. ಅವರಿಗೊಂದು ಹೆಸರಿದೆ ಎಂಬುದು ಅಂಚೆಯವನಿಗೆ ಮಾತ್ರ ಗೊತ್ತು.

ನಲವತ್ತೊಂದರ ಹೊನ್ನೂರಮ್ಮ ಹುಟ್ಟಿದ್ದು ಜಗಳೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ. ಇಡೀ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಹೆಣ್ಣುಮಗಳು. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಕೆಲಸ ಸಿಕ್ಕಿ ನ್ಯಾಮತಿಗೆ ಬಂದಾಗ ಕೈಯಲ್ಲೊಂದು ಟ್ರಂಕು, ಕಾಲಲ್ಲಿ ಹೊಸ ಚಪ್ಪಲಿ. ಸುತ್ತಲ ಹಳ್ಳಿಗಳಿಗೆ ಬಸ್ಸಿರಲಿಲ್ಲ. ಸೈಕಲ್ ಕಲಿಯದೆ ಗತಿಯಿಲ್ಲ ಎಂದಾಯಿತು. ಸೀರೆಯುಟ್ಟು ಸೈಕಲ್ ಹತ್ತಿದ ಮೊದಲ ದಿನ ನೋಡಲು ಬಂದಷ್ಟು ಜನ ದೊಡ್ಡಾಟಕ್ಕೂ ಸೇರುತ್ತಿರಲಿಲ್ಲವಂತೆ.

“ಮೂರು ದಿನ ಬಿದ್ದೆ ರೀ. ನಾಕನೇ ದಿನ ಬೀಳಲಿಲ್ಲ. ಜನಕ್ಕೆ ಬ್ಯಾಸರ ಆಗಿ ಮನಿಗೆ ಹೋದ್ರು” ಎನ್ನುತ್ತಾರೆ.

ನ್ಯಾಮತಿಯಲ್ಲಿ ಆರು ವರ್ಷ, ಹೊನ್ನಾಳಿಯಲ್ಲಿ ಆರು ವರ್ಷ, ಈಗ ಇಲ್ಲಿ ಐದು. ಈ ಹದಿನೇಳು ವರ್ಷದಲ್ಲಿ ಅವರ ಕೈಮೇಲೆ ಆದ ಹೆರಿಗೆ ಸಾವಿರದ ನೂರ ನಲವತ್ತಮೂರು. ಹೊನ್ನಾಳಿಯಲ್ಲಿ ಹೊಳೆ ತುಂಬಿ ಬಂದಾಗ ಆಚೆ ದಡದ ಬಾಣಂತಿಯನ್ನು ನೋಡಲು ತೆಪ್ಪದಲ್ಲಿ ಹೋದದ್ದೂ ಉಂಟು, ಬಸುರಿಯೊಬ್ಬಳಿಗೆ ತೆಪ್ಪದಲ್ಲೇ ಹೆರಿಗೆಯಾದದ್ದೂ ಉಂಟು. ಈಗ ಅವರ ಪಾಲಿಗೆ ಆರು ಹಳ್ಳಿ, ದಿನಕ್ಕೆ ಹದಿನಾಲ್ಕು ಹದಿನೈದು ಕಿಲೋಮೀಟರು ಸೈಕಲ್, ಮೂವತ್ತು ನಲವತ್ತು ಮನೆ. ಗಂಡ ಬೀರಲಿಂಗಪ್ಪ ಚನ್ನಗಿರಿಯ ಕಚೇರಿಯೊಂದರಲ್ಲಿ ಜವಾನರು. ಹೆಂಡತಿ ಎಣಿಸಿಟ್ಟ ದೇಶಗಳಿಂದ ದಿನವೂ ನಾಲ್ಕಾರು ಪ್ರಜೆಗಳನ್ನು ಮಾಯ ಮಾಡುವ ಚಾಳಿ ಇವರಿಗಿದೆ ಎಂಬುದು ಮನೆಯೊಳಗಿನ ದೂರು.

ಈ ಶೇಂಗಾ ಪುರಾಣ ಶುರುವಾದದ್ದು ಹೋದ ಮಾರ್ಚಿಯಲ್ಲಿ. ಜಿಲ್ಲಾ ಕೇಂದ್ರದಲ್ಲಿ ಎರಡು ದಿನದ ತರಬೇತಿ ಕೊಟ್ಟು, ಕೊನೆಗೆ ಸೈಕ್ಲೋಸ್ಟೈಲ್ ಮಾಡಿದ ಹಾಳೆಯೊಂದನ್ನು ಹಂಚಿದರು. ಹಾಳೆಯ ತುಂಬ ದೇಶಗಳ ಹೆಸರು, ಎದುರಿಗೆ ವಯಸ್ಕರಲ್ಲಿ ಸಾವಿರಕ್ಕೆ ಎಷ್ಟು ಮಂದಿ ಎಂಬ ಅಂದಾಜು. ಹೊನ್ನೂರಮ್ಮ ಊರಿಗೆ ಬಂದು ಅದನ್ನು ಓದಿ ಹೇಳಿದರೆ ಜನ ಆಕಳಿಸಿದರು. ಯಾವ ಸಾವಿರ, ಎಣಿಸಿದವರು ಯಾರು ಎಂದು ಕೇಳಿದರು. ಅದೇ ವಾರ ಜಗಳೂರಿನಿಂದ ಅವರ ತಮ್ಮ ಬಸ್ಸಿನ ಟಾಪಿನ ಮೇಲೆ ಹಾಕಿ ಕಳಿಸಿದ ಶೇಂಗಾ ಚೀಲ ಬಂತು. ಚೀಲ ಬಿಚ್ಚುತ್ತಿದ್ದಂತೆ ತಲೆಯೊಳಗೂ ಏನೋ ಬಿಚ್ಚಿಕೊಂಡಿತು.

ಐದು ಮೊರಗಳಲ್ಲಿ ಒಂದು, ಆಫ್ರಿಕಾ ಖಂಡದ ನಡುವಿನ ಒಂದು ದೇಶ. ಅದರಲ್ಲಿ ಎಂಬತ್ತು ಕೆಂಪು. ಅದೇ ಖಂಡದ ಇನ್ನೊಂದು ದೇಶದ ಮೊರದಲ್ಲಿ ಬರೀ ಹನ್ನೆರಡು. ಅಮೆರಿಕದ್ದರಲ್ಲಿ ನಾಲ್ಕು, ಯುರೋಪಿನ ಒಂದು ದೇಶದ್ದರಲ್ಲಿ ಒಂದೇ ಒಂದು. ನಮ್ಮ ದೇಶದ ಮೊರಕ್ಕೆ ಬಂದಾಗ ಅವರಿಗೆ ಪೇಚಾಟ. ಹಾಳೆಯ ಪ್ರಕಾರ ಸಾವಿರಕ್ಕೆ ಒಬ್ಬರೂ ಇಲ್ಲ, ಹಾಗೆಂದು ಯಾರೂ ಇಲ್ಲವೆಂದಲ್ಲ. ಕೊನೆಗೆ ಒಂದು ಕಾಯಿಯ ತುದಿಗಷ್ಟೇ ಕೆಂಪು ಬಳಿದರು.

“ಇಲ್ಲ ಅಂತ ಹೇಳಿದ್ರೆ ಜನ ಮೈಮರೀತಾರೆ. ಐತೆ ಅಂತ ಜೋರಾಗಿ ಹೇಳಿದ್ರೆ ಹೆದರ್ತಾರೆ. ಅದ್ಕೇ ತುದಿಗೆ ಮಾತ್ರ” ಎನ್ನುವುದು ಅವರ ವಿವರಣೆ.

ಒಂದು ದೇಶಕ್ಕೂ ಇನ್ನೊಂದಕ್ಕೂ ಇಷ್ಟು ಅಂತರ ಯಾಕೆ ಎಂದು ಕೇಳಿದವರಿಗೂ ಅವರಲ್ಲಿ ಉತ್ತರವಿದೆ. “ಜಗಳೂರಿಗೂ ಹೊನ್ನಾಳಿಗೂ ಮಳೆ ಒಂದೇ ಏನ್ರಿ? ಬಸ್ಸಾಗೆ ಹೋದ್ರೆ ಅರ್ಧ ದಿನದ ದಾರಿ. ಅಲ್ಲಿ ಕುರಿಗೆ ಕುಡಿಯಾಕೆ ನೀರಿಲ್ಲ, ಇಲ್ಲಿ ಹೊಳೆ ದಾಟಾಕೆ ತೆಪ್ಪ ಬೇಕು. ಎರಡು ತಾಲ್ಲೂಕೇ ಹಿಂಗಿದ್ರೆ ದೇಶ ದೇಶ ಹೆಂಗೆ ಒಂದೇ ಇರ್ತಾವೆ? ಒಂದು ಕಡೆ ಮೊದ್ಲು ಬಂತು, ಒಂದು ಕಡೆ ತಡ ಆತು. ಒಂದು ಕಡೆ ರಕ್ತ ಪರೀಕ್ಷೆ ಮಾಡಿ ಎಣಿಸಿದ್ರು, ಒಂದು ಕಡೆ ಎಣಿಸಾಕೇ ಹೋಗಿಲ್ಲ.” ಆಮೇಲೆ ದನಿ ತಗ್ಗಿಸದೆ, ನಾಚದೆ, ವೈರಾಣು ಬರುವ ದಾರಿಗಳನ್ನು ಹೇಳುತ್ತಾರೆ: ಗಂಡು ಹೆಣ್ಣಿನ ಕೂಡಿಕೆ, ಪರೀಕ್ಷೆ ಮಾಡದ ರಕ್ತ, ಕುದಿಸದ ಸೂಜಿ, ತಾಯಿಯಿಂದ ಮಗು. ಮುಟ್ಟಿದರೆ ಬರದು, ಜೊತೆಗೆ ಉಂಡರೆ ಬರದು, ಒಂದೇ ಲೋಟದಲ್ಲಿ ಕುಡಿದರೆ ಬರದು.

ಆದರೆ ಇದನ್ನು ನಂಬುವವರು ಬೇಕಲ್ಲ! ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಅಡಿಕೆ ಹೇರಿಕೊಂಡು ಬಾಂಬೆಗೆ ಹೋಗಿಬರುವ ಲಾರಿ ಡ್ರೈವರ್ ಹನುಮಣ್ಣ ಒಂದು ಸಲ ನಾಲ್ಕು ದಿನ ಜ್ವರದಲ್ಲಿ ಮಲಗಿದ್ದೇ ತಡ, ಊರಿನ ಬಾಯಿ ಅವನಿಗೆ ಏಡ್ಸ್ ತಂದುಬಿಟ್ಟಿತು. ಜ್ವರ ಮಲೇರಿಯಾದ್ದು. ರಕ್ತದ ಸ್ಲೈಡ್ ತೆಗೆದು ಕಳಿಸಿದವರು ಹೊನ್ನೂರಮ್ಮನವರೇ. ಅವರು ಮನೆಮನೆಗೆ ಹೋಗಿ ಹೇಳಿದರೂ ಬಸ್ ನಿಲ್ದಾಣದೆದುರಿನ ಹೋಟೆಲ್ ಮಾಲೀಕ ಮರುಳಪ್ಪ ಕೇಳಲಿಲ್ಲ. ಹನುಮಣ್ಣನಿಗೆಂದು ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಬೇರೆಯೇ ಒಂದು ಗಾಜಿನ ಲೋಟ ಇಟ್ಟರು. ಹನುಮಣ್ಣ ಹೊರಗೇ ನಿಂತು ಚಾ ಕುಡಿಯಬೇಕು, ತಾನೇ ತೊಳೆಯಬೇಕು, ಗೂಡಿನಲ್ಲಿಡಬೇಕು.

ಒಂದು ಸಂಜೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಹೊನ್ನೂರಮ್ಮ ಅದನ್ನು ಕಣ್ಣಾರೆ ಕಂಡರು. ಹನುಮಣ್ಣ ಲೋಟ ತೊಳೆಯುತ್ತಾ, “ಹೋಗ್ಲಿ ಬಿಡ್ರಿ ನರ್ಸಮ್ಮ, ಚಾ ಸಿಗ್ತೈತಲ್ಲ” ಎಂದ.

ಆ ಮಾತು ಅವರಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಎಂಟು ವರ್ಷದ ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಪೇಟೆಗೆ ಹೋದ ದಿನ, ಹೋಟೆಲಿನ ಹೊರಗೆ ನಿಂತು, ಮೇಲಿನಿಂದ ಸುರಿದ ಚಹವನ್ನು ತೆಂಗಿನ ಚಿಪ್ಪಿನಲ್ಲಿ ಹಿಡಿದು ಕುಡಿದವರು ಅವರು. ಅಪ್ಪನೂ ಅವತ್ತು ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದರಂತೆ.

“ಸಿಟ್ಟು ಬಂತು ರೀ, ಸುಳ್ಳು ಯಾಕೆ ಹೇಳ್ಲಿ. ಆ ಗೂಡು ಖಾಲಿ ಆಗಾತನಕ ಈ ಊರಿಂದ ವರ್ಗ ಬಂದ್ರೂ ಹೋಗಬಾರ್ದು ಅನ್ಕಂಡೆ” ಎನ್ನುತ್ತಾರೆ.

ಹೋದ ತಿಂಗಳು ಸಂತೆಯ ದಿನ ಬೇಕೆಂದೇ ಆ ಹೋಟೆಲಿನ ಎದುರಿಗೆ ತಾಡಪಾಲು ಹಾಸಿ, ಐದು ಮೊರಗಳನ್ನು ಸಾಲಾಗಿ ಇಟ್ಟರು. ಹತ್ತು ಗಂಟೆಗೆ ಜನ ಸೇರಿದ ಮೇಲೆ ಮಾತು ಶುರುಮಾಡುವುದು ಎಂಬ ಲೆಕ್ಕ. ಅಷ್ಟರಲ್ಲಿ ಬಳೆ ಮಾರುವ ಅಂಜಮ್ಮ ಬಸ್ಸಿನಿಂದ ಇಳಿಯುವಾಗ ಬಿದ್ದು ಹಣೆ ಒಡೆದುಕೊಂಡರೆಂದು ಕರೆ ಬಂತು. ಹೊನ್ನೂರಮ್ಮ, “ಸ್ವಲ್ಪ ನೋಡ್ಕಳ್ರಿ ಮರುಳಪ್ಪಾರೆ” ಎಂದು ಹೇಳಿ ಆಸ್ಪತ್ರೆಗೆ ಓಡಿದರು. ಹಣೆಗೆ ನಾಲ್ಕು ಹೊಲಿಗೆ. ಮರಳುವಾಗ ಗಂಟೆ ಹನ್ನೊಂದಾಗಿತ್ತು.

ಇಲ್ಲಿ ಸಂತೆಯ ಒಂದು ರೀತಿ ಹೇಳಬೇಕು. ಈ ಕಡೆ ಯಾರೂ ರುಚಿ ನೋಡದೆ ಶೇಂಗಾ ಕೊಳ್ಳುವುದಿಲ್ಲ. ಒಂದು ಹಿಡಿ ಬಾಚಿಕೊಂಡು, ಒಡೆದು, ತಿಂದು, ಮುಖ ಸಿಂಡರಿಸಿ, ಪಕ್ಕದ ರಾಶಿಗೆ ಹೋಗುವುದು ಗಿರಾಕಿಯ ಹಕ್ಕು. ಐದು ಮೊರ ಕಂಡ ಸಂತೆಯ ಜನ ಐದು ತರದ ಶೇಂಗಾ ಮಾರಾಟಕ್ಕೆ ಬಂದಿದೆ ಎಂದುಕೊಂಡರು. ಒಂದೊಂದನ್ನೂ ರುಚಿ ನೋಡಿದರು. ಔಷಧಿಯ ವಾಸನೆಯ ಕೆಂಪು ಕಾಯಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕಾವಲಿಗಿದ್ದ ಮರುಳಪ್ಪನವರ ಕಾಲಬುಡದಲ್ಲೂ ಸಿಪ್ಪೆಯ ಸಣ್ಣ ಗುಡ್ಡ ಎದ್ದಿತ್ತು.

ಹೊನ್ನೂರಮ್ಮ ಬಂದು ನೋಡುತ್ತಾರೆ, ಜಗತ್ತೇ ಖಾಲಿ! ಎಂಬತ್ತು ಕೆಂಪಿನ ದೇಶದಲ್ಲಿ ಉಳಿದವರು ಇನ್ನೂರು ಚಿಲ್ಲರೆ. ಎಲ್ಲಕ್ಕಿಂತ ಚೆನ್ನಾಗಿ ಒಣಗಿದ ಕಾಯಿ ನಮ್ಮ ದೇಶದ ಮೊರದಲ್ಲಿತ್ತು. ಅಲ್ಲಿ ತುದಿ ಕೆಂಪಾದ ಆ ಒಂದು, ಪಕ್ಕದಲ್ಲಿ ಮೂವತ್ತೋ ನಲವತ್ತೋ ಜೊಳ್ಳು.

ಮರುಳಪ್ಪ ಬಾಯೊರೆಸಿಕೊಂಡು ಎದ್ದು ನಿಂತರು. “ನೋಡಿದ್ರಾ ನರ್ಸಮ್ಮ? ನೀವೇ ಇಟ್ಟಿದ್ದ ಲೆಕ್ಕ. ಎಲ್ಲಿ ನೋಡಿದ್ರೂ ಕೆಂಪೇ ಕೆಂಪು. ಇದ್ಕೇ ನಾನು ಲೋಟ ಬ್ಯಾರೆ ಇಟ್ಟಿರೋದು.”

ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಹೊನ್ನೂರಮ್ಮನವರಿಗೆ ಅಳು ಬರುವುದೊಂದು ಬಾಕಿ. ಎಂಟು ತಿಂಗಳ ಮಾತು, ಒಂದು ವಾರದ ಎಣಿಕೆ, ಎಲ್ಲ ಊರವರ ಹೊಟ್ಟೆಯಲ್ಲಿ. ಗೂಡಿನ ಲೋಟ ಇನ್ನು ಜನ್ಮದಲ್ಲಿ ಇಳಿಯುವುದಿಲ್ಲ ಎಂದು ಅನಿಸಿತಂತೆ. ಅಷ್ಟರಲ್ಲಿ ಮರುಳಪ್ಪನವರ ಮೀಸೆಗೆ ಅಂಟಿದ್ದ ಶೇಂಗಾ ಹೊಟ್ಟು ಕಣ್ಣಿಗೆ ಬಿತ್ತು. ಅಳುವ ಬದಲು ನಗು ಬಂತು. ಬಂದ ನಗು ನಿಲ್ಲಲೇ ಇಲ್ಲ.

ನಗುತ್ತಲೇ ಹೋಟೆಲಿನ ಸ್ಟೂಲು ಎಳೆದು ಹತ್ತಿ ನಿಂತರು. “ಅಣ್ಣಾರೆ, ಅಕ್ಕಾರೆ, ನೀವು ತಿಂದಿದ್ದು ಶೇಂಗಾ ಅಲ್ಲ, ಮನುಷ್ಯರನ್ನ! ಅದೂ ಏನೂ ರೋಗ ಇಲ್ಲದ ಗಟ್ಟಿ ಜನಾನ. ಅವ್ರನ್ನೆಲ್ಲ ನುಂಗಿಬಿಟ್ಟು ಉಳಿದಿದ್ದೆಲ್ಲ ಕೆಂಪು ಅಂದ್ರೆ ಹೆಂಗೆ? ಸಿಪ್ಪೆ ತಂದು ಹಾಕ್ರಿ. ಎರಡು ಹೋಳು ಸಿಪ್ಪೆಗೆ ಒಬ್ಬ ಮನುಷ್ಯ!”

ಸಂತೆ ಒಂದು ಕ್ಷಣ ಕಕ್ಕಾಬಿಕ್ಕಿ. ಆಮೇಲೆ ಎದ್ದ ನಗುವಿಗೆ ದನಗಳು ಬೆದರಿದವು. ಜನ ನೆಲದಿಂದ ಸಿಪ್ಪೆ ಆಯ್ದರು. ಜೇಬಿನಿಂದ, ಮಡಿಲಿನಿಂದ, ಟವೆಲಿನ ಗಂಟಿನಿಂದ ತೆಗೆದರು. ತಿನ್ನದೆ ಮನೆಗೆಂದು ಕಟ್ಟಿಕೊಂಡಿದ್ದವರು ಇಡೀ ಕಾಯಿಗಳನ್ನೇ ನಾಚುತ್ತಾ ವಾಪಸು ಹಾಕಿದರು. “ಯಾವ ದೇಶದೋರು ಅಂತ ಗೊತ್ತಿಲ್ಲ ನರ್ಸಮ್ಮ, ಎಲ್ಲಾದ್ರಾಗೂ ಒಂದೊಂದು ಹಿಡಿ ತಿಂದೀನಿ” ಎಂದು ಒಬ್ಬ ಮುದುಕ ತಪ್ಪೊಪ್ಪಿಕೊಂಡ. ಅಡಿಕೆ ಸುಲಿಯಲು ಹೊರಟಿದ್ದ ಹೆಂಗಸರ ಗುಂಪೊಂದು ತಾಡಪಾಲಿನ ಮೇಲೆ ಕೂತು ಎಣಿಕೆಗೆ ಕೈಹಾಕಿತು. ದಿನವಿಡೀ ಅಡಿಕೆ ಆಯ್ದು ವಿಂಗಡಿಸುವ ಕೈಗಳು. “ಲಾಭ, ಎರಡು, ಮೂರು” ಎಂದು ಐದು ಕಡೆಯಿಂದ ದನಿ ಎದ್ದಿತು. ಮುಕ್ಕಾಲು ಗಂಟೆಯಲ್ಲಿ ಜಗತ್ತು ಮತ್ತೆ ತುಂಬಿತು. ಅರ್ಧ ಕಾಯಿ, ಅರ್ಧ ಸಿಪ್ಪೆ, ನಡುವೆ ಸ್ವಲ್ಪ ಮಣ್ಣು. ಒಂದು ಹತ್ತಿಪ್ಪತ್ತು ಹೆಚ್ಚುಕಮ್ಮಿ ಇದ್ದಿರಬಹುದು, ಬಿಡಿ.

ಈಗ ನೋಡಿದರೆ ಎಂಬತ್ತು ಕೆಂಪಿನ ಮೊರದಲ್ಲೂ ಕೆಂಪು ಹುಡುಕಬೇಕು. “ಅಯ್ಯೋ, ಅಲ್ಲೂ ಮುಕ್ಕಾಲು ಮೂರುಪಾಲು ಜನ ಚೆನ್ನಾಗೇ ಅವ್ರಲ್ಲ!” ಎಂದು ಯಾರೋ ಉದ್ಗರಿಸಿದರು. ಮರುಳಪ್ಪ ಬಿಡಲಿಲ್ಲ. “ಇರಬೌದು. ಆದ್ರೆ ಆ ಎಂಬತ್ತರಾಗೆ ಒಬ್ಬ ಬಂದು ನನ್ನ ಲೋಟದಾಗೆ ಕುಡಿದ್ರೆ?”

ಹೊನ್ನೂರಮ್ಮ ಎಂದಿನ ಉತ್ತರಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಆ ಮೊರ ಎಣಿಸಿ ಮುಗಿಸಿದ್ದ ಸಿದ್ದಲಿಂಗಮ್ಮ ಸೊಂಟಕ್ಕೆ ಕೈಯಿಟ್ಟು ಎದ್ದರು. ಐವತ್ತರ ಆಸುಪಾಸಿನ, ಅಡಿಕೆ ಸುಲಿದು ಸುಲಿದು ಬೆರಳು ಕಪ್ಪಾದ ಹೆಂಗಸು.

“ಅಲ್ಲ ಮರುಳಪ್ಪಣ್ಣ, ಈ ಎಂಬತ್ತರ ದೇಶದೋರು ನೀರು ಕುಡಿತಾರಲ್ವಾ?”

“ಕುಡೀದೆ ಏನು?”

“ಒಂದರ ದೇಶದೋರು?”

“ಅವ್ರೂ ಕುಡಿತಾರಪ್ಪ.”

“ಲೋಟ ಎಲ್ಲಾ ದೇಶದಾಗೂ ಐತೆ. ಒಬ್ರು ಕುಡಿದಿದ್ರಾಗೆ ಇನ್ನೊಬ್ರು ಕುಡಿಯೋದೂ ಎಲ್ಲಾ ಕಡೆ ಐತೆ. ಲೋಟದಿಂದ ಬರಂಗಿದ್ರೆ ಐದು ಮೊರಾನೂ ಒಂದೇ ತರ ಕೆಂಪಾಗಬೇಕಿತ್ತಲ್ಲ? ಯಾಕಿಲ್ಲ ಮತ್ತೆ? ಮನಿ ಮಂದಿ ಎಲ್ಲಾ ಒಂದೇ ಚೆಂಬಾಗೆ ಕುಡಿತೀವಿ. ಚೆಂಬಿಂದ ಬರಂಗಿದ್ರೆ ಆ ದೇಶದಾಗೆ ಎಂಬತ್ತಕ್ಕೆ ನಿಲ್ತಿತ್ತಾ? ಸಾವಿರಕ್ಕೆ ಸಾವಿರಾನೂ ಕೆಂಪೇ ಆಗ್ತಿತ್ತು. ನರ್ಸಮ್ಮ ಹೇಳಿದ ದಾರೀಲೇ ಬರ್ತೈತೆ ಅದು, ನಿನ್ನ ಚಾದಾಗಲ್ಲ. ಹನುಮಣ್ಣಂಗೆ ರೋಗ ಇಲ್ಲ. ಇದ್ದಿದ್ರೂ ಅವನು ಒಳಗೇ ಕೂತು ಕುಡೀಬೌದಿತ್ತು.”

 ಹೊನ್ನೂರಮ್ಮ ಇದನ್ನು ಹೇಳುವಾಗ ಈಗಲೂ ಅವರ ಕಣ್ಣು ಅರಳುತ್ತದೆ. “ಎಂಟು ತಿಂಗಳು ಆ ಮೊರ ಹೊತ್ತು ತಿರುಗಿದೀನಿ. ಲೋಟದಿಂದ ಬರಲ್ಲ, ಬರಲ್ಲ ಅಂತ ಗಿಣಿಪಾಠ ಒಪ್ಪಿಸಿದೀನಿ. ಯಾಕೆ ಬರಲ್ಲ ಅನ್ನೋದು ನನ್ನ ಮೊರದಾಗೇ ಇತ್ತು. ನಂಗೇ ಕಾಣ್ಲಿಲ್ಲ ನೋಡ್ರಿ!”

ಮರುಳಪ್ಪ ಐದು ಮೊರಗಳನ್ನೂ ಇನ್ನೊಮ್ಮೆ ನೋಡಿದರು. ಹೋಗಿ ಗೂಡಿನಲ್ಲಿದ್ದ ಲೋಟ ತೆಗೆದುಕೊಂಡು ಒಳಗೆ ನಡೆದರು. ಲೋಟಗಳನ್ನು ತೊಳೆಯುವ ಬೋಗುಣಿಯಲ್ಲಿ ಇಪ್ಪತ್ತು ಲೋಟಗಳಿದ್ದವು. ಅವುಗಳ ನಡುವೆ ಅದನ್ನೂ ಮುಳುಗಿಸಿ, ಯಾವುದು ಯಾವುದೆಂದು ತಮಗೂ ತಿಳಿಯದಂತೆ ಕೈಯಾಡಿಸಿಬಿಟ್ಟರು. ಆಮೇಲೆ ಬಾಗಿಲಿಗೆ ಬಂದು, ಲಾರಿಯ ಹತ್ತಿರ ನಿಂತಿದ್ದ ಹನುಮಣ್ಣನನ್ನು ಕೂಗಿದರು. “ಏನೋ, ಹೊರಗೇ ನಿಂತಿರ್ತೀಯಾ? ಬಾ ಒಳಗೆ. ಚಾ ಆರ್ತೈತೆ.”

ಹನುಮಣ್ಣ ಬಂದ. ಏಳು ತಿಂಗಳ ಮೇಲೆ ಬೆಂಚಿನ ಮೇಲೆ ಕೂತ. ಒಂದು ಗುಟುಕು ಕುಡಿದು, “ಸಕ್ರೆ ಕಮ್ಮಿ ಮರುಳಪ್ಪಣ್ಣ, ಯಾವಾಗ್ಲೂ ಹಿಂಗೇನೆ ನೀನು” ಎಂದ. ಇಡೀ ಹೋಟೆಲು ಹೋ ಎಂದು ನಕ್ಕಿತು. ಲೋಟದ ಮರೆಯಲ್ಲಿ ಅವನು ಕಣ್ಣೊರೆಸಿಕೊಂಡದ್ದನ್ನು ಹೊನ್ನೂರಮ್ಮ ನೋಡಿಯೂ ನೋಡದಂತೆ ಮೊರಗಳನ್ನು ಗಂಟು ಕಟ್ಟಿದರು.

ಸುದ್ದಿಗೆ ಕಾಲು ಬೇಕೆ? ಈಗ ನ್ಯಾಮತಿಯಿಂದ ಕರೆ ಬಂದಿದೆ, ಹೊನ್ನಾಳಿಯ ಮಹಿಳಾ ಸಮಾಜದಿಂದ ಕಾಗದ ಬಂದಿದೆ. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಆಗಲೇ ಒಂದು ಸುತ್ತು ಮುಗಿದಿದೆ. ಜಗಳೂರು ಬೇರೆ ಜಿಲ್ಲೆ, ಅಲ್ಲಿಗೆ ಹೋಗಲು ಇಲಾಖೆಯ ಅಪ್ಪಣೆಯಿಲ್ಲ. ಹೋಗಲಿ ಎಂದು ರಜೆ ಹಾಕಿ ಹೋಗುತ್ತಾರಂತೆ. “ತವರಿಗೆ ಹೋಗಾಕೆ ಯಾರ ಅಪ್ಪಣೆ ಬೇಕ್ರಿ?” ಎನ್ನುತ್ತಾರೆ. ಎಲ್ಲಿಗೆ ಹೋದರೂ ಈಗ ಒಂದು ಬದಲಾವಣೆ ಇದೆ. ಮೊರಗಳನ್ನು ಬೇಕೆಂದೇ ಜನರ ಮುಂದಿಟ್ಟು ಕಾಲುಗಂಟೆ ಆಚೆ ಹೋಗುತ್ತಾರೆ. ಜನ ತಿನ್ನಲಿ, ಆಮೇಲೆ ಅವರೇ ಎಣಿಸಲಿ ಎಂದು.

ಸಿರಿಂಜಿನ ನೀರು ಕುದಿದು ಇಪ್ಪತ್ತು ನಿಮಿಷವಾಗಿದೆ. ಸ್ಟೌ ಆರಿಸಿ, ಇಕ್ಕಳದಿಂದ ಸೂಜಿಗಳನ್ನು ಡಬ್ಬಿಗೆ ಹಾಕಿ, ಸೈಕಲಿನ ಕ್ಯಾರಿಯರಿಗೆ ಚೀಲ ಬಿಗಿಯುತ್ತಾರೆ. ಇಷ್ಟು ವರ್ಷ ದುಡಿದಿದ್ದೀರಿ, ನಿಮಗೇನು ಆಸೆ ಎಂದು ಕೇಳಿದರೆ ತಲೆ ಕೊಡವಿಕೊಂಡು ನಗುತ್ತಾರೆ. ಬಡ್ತಿಯೇ? ಬೇಡವಂತೆ. ಪೇಪರಿನಲ್ಲಿ ಫೋಟೋ? ಅದೂ ಬೇಡ. ಗೇಟಿನ ತನಕ ಸೈಕಲ್ ತಳ್ಳಿಕೊಂಡು ಹೋದವರು ನಿಂತು ಹಿಂದಿರುಗಿ ನೋಡುತ್ತಾರೆ.

“ಒಂದು ಕೆಲಸ ಮಾಡ್ರಿ. ನನ್ನ ಹೆಸರು ಸಣ್ಣಕ್ಷರದಾಗಿದ್ರೂ ನಡೀತೈತೆ. ಅಡಿಕೆ ಸುಲಿಯೋ ಸಿದ್ದಲಿಂಗಮ್ಮ, ಸಂತೇಬೆನ್ನೂರು ಅಂತ ಪೂರ್ತಿ ಹಾಕ್ರಿ, ದೊಡ್ಡದಾಗಿ. ಆಕೆ ಹೇಳಿದ್ದು ನನ್ನ ಟ್ರೈನಿಂಗ್ ಹಾಳೆಯಾಗಿಲ್ಲ ರೀ. ಪಾಪ, ಆಕೆಗೆ ಓದಾಕೆ ಬರಲ್ಲ. ಪೇಪರ್ ಬಂದ ದಿನ ನಾನೇ ಹೋಗಿ, ಎಲ್ಲಾರ ಎದುರಿಗೆ ಗಟ್ಟಿಯಾಗಿ ಓದಿ ಹೇಳ್ತೀನಿ.”